ದೂರದ ಸರ್ವರ್‌ನ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಕನೆಕ್ಟ್ ಆಗುವುದು: ಒಳಗಿನಿಂದ ಹೊರಕ್ಕೆ, ಹಂತ ಹಂತವಾಗಿ

"ಸರ್ವರ್ ಒಳಗೆ ನೋಡಿದರೆ ಡೇಟಾಬೇಸ್ ಚೆನ್ನಾಗಿಯೇ ಓಡುತ್ತಿದೆ, ನನ್ನ ಲ್ಯಾಪ್‌ಟಾಪ್‌ನಿಂದ ಮಾತ್ರ ಕನೆಕ್ಟ್ ಆಗುತ್ತಿಲ್ಲ." ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನನ್ನ ಹತ್ತಿರ ಬರುವ ಹೊತ್ತಿಗೆ ಅವರು ನಾಲ್ಕಾರು ಕಡೆ ಕೈಯಾಡಿಸಿಬಿಟ್ಟಿರುತ್ತಾರೆ. ಫೈರ್‌ವಾಲ್ ಪೂರ್ತಿ ತೆಗೆದಿರುತ್ತಾರೆ, ಪಾಸ್‌ವರ್ಡ್ ಎರಡು ಸಲ ಬದಲಾಯಿಸಿರುತ್ತಾರೆ, ಕಾನ್ಫಿಗ್ ಫೈಲಿಗೆ ಎಲ್ಲಿಂದಲೋ ತಂದ ಸಾಲು ಅಂಟಿಸಿರುತ್ತಾರೆ. ಯಾವ ಬದಲಾವಣೆಯಿಂದ ಏನಾಯಿತು ಎಂದು ಆಮೇಲೆ ಯಾರಿಗೂ ಹೇಳಲಾಗುವುದಿಲ್ಲ. ಕೆಲಸ ಕಷ್ಟದ್ದಲ್ಲ, ಕ್ರಮ ತಪ್ಪುವುದೇ ತೊಂದರೆ.

ಕ್ರಮ ಇಷ್ಟೇ: ಸರ್ವರ್ ಒಳಗಿನಿಂದ ಶುರುಮಾಡಿ ಹೊರಕ್ಕೆ ಬನ್ನಿ. ಒಂದು ಬದಲಾವಣೆ, ಒಂದು ಪರೀಕ್ಷೆ. ಪರೀಕ್ಷೆ ಪಾಸಾಗದೆ ಮುಂದಿನ ಹಂತಕ್ಕೆ ಕಾಲಿಡಬೇಡಿ.

ಉದಾಹರಣೆಗೆ ಉಬುಂಟು 24.04 ಮತ್ತು ಅದರ ಜೊತೆ ಬರುವ ಪೋಸ್ಟ್‌ಗ್ರೆಸ್ 16 ಅನ್ನು ಇಟ್ಟುಕೊಂಡಿದ್ದೇನೆ. ಸರ್ವರ್‌ನ ವಿಳಾಸ 203.0.113.25, ನಿಮ್ಮ ಮನೆಯ ಇಂಟರ್ನೆಟ್ ವಿಳಾಸ 198.51.100.40, ಡೇಟಾಬೇಸ್ ಹೆಸರು ಅಂಗಡಿ, ಯೂಸರ್ ಹೆಸರು ಅಂಗಡಿ_ಆ್ಯಪ್ ಎಂದುಕೊಳ್ಳಿ. ಈ ಎರಡೂ ವಿಳಾಸಗಳು ಉದಾಹರಣೆಗೆಂದೇ ಮೀಸಲಿಟ್ಟ ಸರಣಿಯವು, ನಿಮ್ಮದನ್ನು ಹಾಕಿಕೊಳ್ಳಿ. ಆಜ್ಞೆ ಮತ್ತು ಫೈಲ್ ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

## ಶುರುಮಾಡುವ ಮುನ್ನ

ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದಿಂದಲೇ ಸರ್ವರ್‌ಗೆ ಆಜ್ಞೆ ಕೊಡುವ ದಾರಿ) ಲಾಗಿನ್ ಮತ್ತು ಸುಡೊ (ಅಡ್ಮಿನ್) ಅಧಿಕಾರ ಬೇಕು. ಕ್ಲೌಡ್ ಸರ್ವರ್ ಆಗಿದ್ದರೆ ಅದರ ವೆಬ್ ಕನ್ಸೋಲ್‌ನ ಲಾಗಿನ್ ಕೂಡ ಬೇಕು. ಲ್ಯಾಪ್‌ಟಾಪ್‌ನಲ್ಲಿ ಪಿಎಸ್‌ಕ್ಯುಎಲ್ (ಪೋಸ್ಟ್‌ಗ್ರೆಸ್‌ಗೆ ಲಾಗಿನ್ ಆಗುವ ಪ್ರೋಗ್ರಾಂ) ಮತ್ತು ಎನ್‌ಸಿ (ಪೋರ್ಟ್ ಪರೀಕ್ಷಿಸುವ ಪ್ರೋಗ್ರಾಂ) ಇರಲಿ. ವಿಂಡೋಸ್ ಆದರೆ ಎನ್‌ಸಿ ಬದಲು ಪವರ್‌ಶೆಲ್ ಸಾಕು. ಕೆಲಸ ಮುಗಿಯುವ ತನಕ ಎಸ್‌ಎಸ್‌ಎಚ್ ಕಿಟಕಿ ಎರಡು ತೆರೆದಿಟ್ಟುಕೊಳ್ಳಿ. ಫೈರ್‌ವಾಲ್‌ನಲ್ಲಿ ಎಡವಿದರೆ ಆಗಲೇ ತೆರೆದಿರುವ ಕಿಟಕಿಯೇ ನಿಮ್ಮನ್ನು ಉಳಿಸುವುದು.

ಒಂದು ಚೀಟಿಯಲ್ಲಿ ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ: ಸರ್ವರ್‌ನ ಪಬ್ಲಿಕ್ ವಿಳಾಸ, ಅದರ ಪ್ರೈವೇಟ್ ವಿಳಾಸ, ಪೋರ್ಟ್ (ಡೇಟಾಬೇಸ್ ಕರೆ ಕೇಳುವ ಬಾಗಿಲಿನ ಸಂಖ್ಯೆ, ಸಾಮಾನ್ಯವಾಗಿ 5432), ಮತ್ತು ಸರ್ವರ್‌ನ ಕಣ್ಣಿಗೆ ಕಾಣುವ ನಿಮ್ಮ ವಿಳಾಸ. ಬಹಳ ಜನ ತಪ್ಪುವುದು ಈ ಕೊನೆಯದರಲ್ಲಿ. ಲ್ಯಾಪ್‌ಟಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಕಾಣುವ 192.168 ಎಂದು ಶುರುವಾಗುವ ವಿಳಾಸ ನಿಮ್ಮ ಮನೆಯ ರೌಟರ್ ಕೊಟ್ಟದ್ದು. ಹೊರಗಿನ ಸರ್ವರ್‌ಗೆ ಅದು ಗೊತ್ತೇ ಇಲ್ಲ. ಸರಿಯಾದ ವಿಳಾಸ ಬೇಕಾದರೆ ಸರ್ವರ್‌ಗೆ ಎಸ್‌ಎಸ್‌ಎಚ್ ಆಗಿ, ಎಸ್‌ಎಸ್‌ಎಚ್_ಕನೆಕ್ಷನ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನು ಎಕೋ ಮಾಡಿ ನೋಡಿ. ಇದೊಂದರ ಹೆಸರು ಮಾತ್ರ ಪೂರ್ತಿ ದೊಡ್ಡಕ್ಷರದಲ್ಲಿ. ಅದರಲ್ಲಿ ಬರುವ ಮೊದಲನೆಯ ವಿಳಾಸವೇ ನಿಮ್ಮದು.

## ಹಂತ 1: ಸರ್ವರ್ ಒಳಗೇ ಮೊದಲ ಪರೀಕ್ಷೆ

ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ನೋಡಿ "ಆ್ಯಕ್ಟಿವ್" ಎಂದಿದೆ ಅಂತ ನಿಶ್ಚಿಂತರಾಗಬೇಡಿ. ಉಬುಂಟುವಿನಲ್ಲಿ ಪೋಸ್ಟ್‌ಗ್ರೆಎಸ್‌ಕ್ಯುಎಲ್ ಎಂಬ ಸರ್ವಿಸ್ ಬರೀ ಹೊದಿಕೆ. ಅದು "ಆ್ಯಕ್ಟಿವ್, ಎಕ್ಸಿಟೆಡ್" ಎಂದೇ ತೋರಿಸುತ್ತದೆ, ಒಳಗಿನ ಡೇಟಾಬೇಸ್ ಸತ್ತಿದ್ದರೂ ಹಾಗೆಯೇ ತೋರಿಸಬಹುದು. ನಿಜ ತಿಳಿಯಲು ಇದನ್ನು ಕೊಡಿ:

ಪಿಜಿ_ಎಲ್‌ಎಸ್‌ಕ್ಲಸ್ಟರ್ಸ್

ಆವೃತ್ತಿ, ಪೋರ್ಟ್, ಸ್ಥಿತಿ ಮೂರೂ ಒಂದೇ ಸಾಲಿನಲ್ಲಿ ಬರುತ್ತವೆ. ಸ್ಥಿತಿ "ಆನ್‌ಲೈನ್" ಇರಬೇಕು. ಎರಡು ಸಾಲು ಬಂದರೆ ಹಳೆಯ ಆವೃತ್ತಿ ಇನ್ನೂ ಕೂತಿದೆ ಎಂದರ್ಥ. ಆಗ 5432 ಹಳೆಯದರ ಕೈಯಲ್ಲಿದ್ದು ಹೊಸದು 5433ಕ್ಕೆ ಹೋಗಿರುತ್ತದೆ. ಎಷ್ಟೋ ಗಂಟೆಗಳ ಪರದಾಟ ಈ ಒಂದು ಸಾಲು ನೋಡದ್ದರಿಂದ ಆಗುತ್ತದೆ.

ಈಗ ಸುಡೊ ಮೂಲಕ ಪೋಸ್ಟ್‌ಗ್ರೆಸ್ ಯೂಸರ್ ಆಗಿ ಪಿಎಸ್‌ಕ್ಯುಎಲ್ ತೆರೆದು, ಆ್ಯಪ್‌ಗೆಂದೇ ಬೇರೆ ರೋಲ್ (ಪೋಸ್ಟ್‌ಗ್ರೆಸ್‌ನ ಯೂಸರ್) ಮಾಡಿ, ಲಾಗಿನ್ ಅಧಿಕಾರ ಕೊಡಿ. ಸೂಪರ್‌ಯೂಸರ್ ಆದ ಪೋಸ್ಟ್‌ಗ್ರೆಸ್ ಹೆಸರಿನಲ್ಲಿ ಹೊರಗಿನಿಂದ ಲಾಗಿನ್ ಆಗುವ ವ್ಯವಸ್ಥೆ ಎಂದಿಗೂ ಬೇಡ. ಪಾಸ್‌ವರ್ಡ್ ಇಡಲು ಪಿಎಸ್‌ಕ್ಯುಎಲ್ ಒಳಗಿನ \ಪಾಸ್‌ವರ್ಡ್ ಆಜ್ಞೆ ಬಳಸಿ. ಆಲ್ಟರ್ ರೋಲ್ ಬರೆದು ಇಟ್ಟರೆ ಪಾಸ್‌ವರ್ಡ್ ಹಿಸ್ಟರಿ ಫೈಲಿನಲ್ಲಿ ಹಾಗೇ ಉಳಿಯುತ್ತದೆ.

ಆಮೇಲೆ, ಸರ್ವರ್ ಒಳಗಿನಿಂದಲೇ ಆದರೂ ನೆಟ್‌ವರ್ಕ್ ದಾರಿಯಲ್ಲಿ ಬನ್ನಿ:

ಪಿಎಸ್‌ಕ್ಯುಎಲ್ "ಹೋಸ್ಟ್=127.0.0.1 ಪೋರ್ಟ್=5432 ಡಿಬಿನೇಮ್=ಅಂಗಡಿ ಯೂಸರ್=ಅಂಗಡಿ_ಆ್ಯಪ್"

ಹೋಸ್ಟ್ ಕೊಡದಿದ್ದರೆ ಪಿಎಸ್‌ಕ್ಯುಎಲ್ ಯೂನಿಕ್ಸ್ ಸಾಕೆಟ್ ಮೂಲಕ ಹೋಗುತ್ತದೆ. ಅಲ್ಲಿ "ಪಿಯರ್" ಪದ್ಧತಿ, ಪಾಸ್‌ವರ್ಡ್ ಕೇಳುವುದೇ ಇಲ್ಲ. ಅದು ಕೆಲಸ ಮಾಡಿದ್ದು ನೆಟ್‌ವರ್ಕ್ ಪರೀಕ್ಷೆ ಆಗುವುದಿಲ್ಲ. "ಒಳಗೆ ಬರುತ್ತದೆ, ಹೊರಗಿನಿಂದ ಬರುವುದಿಲ್ಲ" ಎನ್ನುವವರಲ್ಲಿ ಅರ್ಧದಷ್ಟು ಜನ ಈ ಪರೀಕ್ಷೆಯನ್ನೇ ಮಾಡಿರುವುದಿಲ್ಲ.

## ಹಂತ 2: ಡೇಟಾಬೇಸ್ ಯಾವ ವಿಳಾಸದಲ್ಲಿ ಕಿವಿಗೊಟ್ಟಿದೆ

ಪೋಸ್ಟ್‌ಗ್ರೆಸ್ ಹಾಕಿದ ಕೂಡಲೇ ಅದು ಲೋಕಲ್‌ಹೋಸ್ಟ್‌ಗೆ (127.0.0.1, ಅಂದರೆ ಆ ಯಂತ್ರದೊಳಗಿನ ಕರೆಗೆ) ಮಾತ್ರ ಕಿವಿಗೊಡುತ್ತದೆ. ಹೊರಗಿನ ಯಾವ ಕರೆಯೂ ಅದಕ್ಕೆ ಕೇಳಿಸುವುದಿಲ್ಲ. ಇದನ್ನು ಬದಲಾಯಿಸುವ ಸಾಲು ಪೋಸ್ಟ್‌ಗ್ರೆಎಸ್‌ಕ್ಯುಎಲ್ ಡಾಟ್ ಕಾನ್ಫ್ ಫೈಲಿನಲ್ಲಿದೆ. ಆ ಫೈಲ್ ಎಲ್ಲಿದೆ ಎಂದು ಊಹಿಸಬೇಡಿ. ಪಿಎಸ್‌ಕ್ಯುಎಲ್ ಒಳಗೆ "ಶೋ ಕಾನ್ಫಿಗ್_ಫೈಲ್;" ಎಂದು ಕೇಳಿದರೆ ಅದೇ ಹೇಳುತ್ತದೆ. ಅದರಲ್ಲಿ ಹೀಗಿರುತ್ತದೆ:

#ಲಿಸನ್_ಅಡ್ರೆಸಸ್ = 'ಲೋಕಲ್‌ಹೋಸ್ಟ್'

ಒಬ್ಬ ಹುಡುಗ ಮಧ್ಯಾಹ್ನವೆಲ್ಲ ಒದ್ದಾಡಿ ನನಗೆ ಪರದೆ ತೋರಿಸಿದ್ದ. ಲೋಕಲ್‌ಹೋಸ್ಟ್ ಅಳಿಸಿ * ಹಾಕಿದ್ದಾನೆ, ಸೇವ್ ಮಾಡಿದ್ದಾನೆ, ರೀಸ್ಟಾರ್ಟ್ ಕೂಡ ಮಾಡಿದ್ದಾನೆ. ಸಾಲಿನ ಶುರುವಿನಲ್ಲಿ # ಹಾಗೇ ನಿಂತಿತ್ತು. # ಇರುವ ತನಕ ಆ ಸಾಲು ಬರೀ ಟಿಪ್ಪಣಿ, ಪೋಸ್ಟ್‌ಗ್ರೆಸ್ ಅದನ್ನು ಓದುವುದೇ ಇಲ್ಲ. ಮೊದಲು ಅದನ್ನು ತೆಗೆಯಿರಿ.

ಮೌಲ್ಯವಾಗಿ ಏನು ಹಾಕಬೇಕು? ಆ್ಯಪ್ ಸರ್ವರ್ ಮತ್ತು ಡೇಟಾಬೇಸ್ ಎರಡೂ ಒಂದೇ ಪ್ರೈವೇಟ್ ನೆಟ್‌ವರ್ಕ್‌ನಲ್ಲಿದ್ದರೆ ಲೋಕಲ್‌ಹೋಸ್ಟ್, ಅಲ್ಪವಿರಾಮ, ಪ್ರೈವೇಟ್ ವಿಳಾಸ ಹಾಕಿ. ನನ್ನ ಪ್ರಕಾರ ಅದೇ ಒಳ್ಳೆಯದು. ಹೊರಗಿನಿಂದ ನೇರ ಬರಲೇಬೇಕಾದರೆ *, ಅಂದರೆ ಯಂತ್ರದ ಎಲ್ಲ ವಿಳಾಸಗಳೂ. ಆದರೆ ಪಬ್ಲಿಕ್ ವಿಳಾಸವನ್ನು ಇಲ್ಲಿ ಬರೆಯಬೇಡಿ. ಬಹುತೇಕ ದೊಡ್ಡ ಕ್ಲೌಡ್‌ಗಳಲ್ಲಿ ಪಬ್ಲಿಕ್ ವಿಳಾಸ ಯಂತ್ರದ ಮೇಲೆ ಇರುವುದಿಲ್ಲ, ಹೊರಗೆಲ್ಲೋ ಅನುವಾದವಾಗಿ ಬರುತ್ತದೆ. ಬರೆದರೆ "ಕ್ಯಾನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್" ಎಂಬ ದೂರು ಲಾಗ್‌ನಲ್ಲಿ ಬರುತ್ತದೆ. ಅದೊಂದೇ ವಿಳಾಸ ಬರೆದಿದ್ದರೆ ಡೇಟಾಬೇಸ್ ಏಳುವುದೂ ಇಲ್ಲ.

ಈ ಬದಲಾವಣೆಗೆ ರೀಲೋಡ್ (ಓಡುತ್ತಿರುವಾಗಲೇ ಫೈಲ್ ಮತ್ತೆ ಓದಿಸುವುದು) ಸಾಲದು, ರೀಸ್ಟಾರ್ಟ್ ಬೇಕು. ಆಮೇಲೆ ಪರೀಕ್ಷೆ:

ಸುಡೊ ಎಸ್‌ಎಸ್ -ಎಲ್‌ಟಿಎನ್‌ಪಿ

5432ರ ಸಾಲಿನಲ್ಲಿ 0.0.0.0:5432 ಅಥವಾ ನಿಮ್ಮ ಪ್ರೈವೇಟ್ ವಿಳಾಸ ಕಾಣಬೇಕು. ಇನ್ನೂ 127.0.0.1:5432 ಒಂದೇ ಇದ್ದರೆ ಎರಡು ಸಾಧ್ಯತೆ: ರೀಸ್ಟಾರ್ಟ್ ಆಗಿಲ್ಲ, ಇಲ್ಲವೇ ಯಾರೋ ಹಿಂದೆ ಆಲ್ಟರ್ ಸಿಸ್ಟಮ್ ಬಳಸಿದ್ದಾರೆ. ಆಲ್ಟರ್ ಸಿಸ್ಟಮ್ ಬರೆಯುವುದು ಹೆಸರಿನ ನಡುವೆ ಆಟೊ ಎಂದಿರುವ ಇನ್ನೊಂದು ಫೈಲಿಗೆ. ಅದರ ಮಾತೇ ಕೊನೆಯ ಮಾತು, ನಿಮ್ಮ ಫೈಲಿನಲ್ಲಿ ಏನೇ ಬರೆದಿದ್ದರೂ ಅದು ಮೀರಿಸುತ್ತದೆ. ಪಿಜಿ_ಸೆಟ್ಟಿಂಗ್ಸ್‌ನಲ್ಲಿ ಸೋರ್ಸ್‌ಫೈಲ್ ಎಂಬ ಕಾಲಮ್ ನೋಡಿದರೆ ಮೌಲ್ಯ ಎಲ್ಲಿಂದ ಬಂತೆಂದು ತಿಳಿಯುತ್ತದೆ.

## ಹಂತ 3: ಯಾರನ್ನು ಒಳಗೆ ಬಿಡಬೇಕು

ಕರೆ ಕೇಳಿಸಿತು ಎಂದಮಾತ್ರಕ್ಕೆ ಪೋಸ್ಟ್‌ಗ್ರೆಸ್ ಬಾಗಿಲು ತೆರೆಯುವುದಿಲ್ಲ. ಯಾರು, ಎಲ್ಲಿಂದ, ಯಾವ ಡೇಟಾಬೇಸ್‌ಗೆ, ಹೇಗೆ ಗುರುತು ತೋರಿಸಿ ಬರಬಹುದು ಎಂಬ ಪಟ್ಟಿ ಪಿಜಿ_ಎಚ್‌ಬಿಎ ಡಾಟ್ ಕಾನ್ಫ್ ಫೈಲಿನಲ್ಲಿರುತ್ತದೆ. "ಶೋ ಎಚ್‌ಬಿಎ_ಫೈಲ್;" ಅದರ ಜಾಗ ಹೇಳುತ್ತದೆ. ಇಂಥ ಒಂದು ಸಾಲು ಸೇರಿಸಿ:

ಹೋಸ್ಟ್‌ಎಸ್‌ಎಸ್‌ಎಲ್ ಅಂಗಡಿ ಅಂಗಡಿ_ಆ್ಯಪ್ 198.51.100.40/32 ಸ್ಕ್ರ್ಯಾಮ್-ಶಾ-256

ಎಡದಿಂದ ಓದಿ: ಎನ್‌ಕ್ರಿಪ್ಟ್ ಆದ ಕನೆಕ್ಷನ್ ಮಾತ್ರ, ಅಂಗಡಿ ಡೇಟಾಬೇಸ್‌ಗೆ, ಅಂಗಡಿ_ಆ್ಯಪ್ ಯೂಸರ್‌ಗೆ, ಈ ಒಂದೇ ವಿಳಾಸದಿಂದ, ಸ್ಕ್ರ್ಯಾಮ್ ಪಾಸ್‌ವರ್ಡ್ ಪದ್ಧತಿಯಲ್ಲಿ. ಕೊನೆಯ 32 ಎಂದರೆ ಒಂದೇ ವಿಳಾಸ. 24 ಎಂದು ಬರೆದರೆ 256 ವಿಳಾಸಗಳಿಗೆ ಬಾಗಿಲು ತೆರೆದಂತೆ. ಐಪಿವಿ6 ವಿಳಾಸವಾದರೆ ಒಂದಕ್ಕೆ 128 ಬರೆಯಬೇಕು.

ಇಲ್ಲಿ ಒಂದು ನಿಯಮವನ್ನು ಗಟ್ಟಿ ಮಾಡಿಕೊಳ್ಳಿ. ಪೋಸ್ಟ್‌ಗ್ರೆಸ್ ಈ ಪಟ್ಟಿಯನ್ನು ಮೇಲಿನಿಂದ ಓದುತ್ತದೆ ಮತ್ತು ಹೊಂದುವ ಮೊದಲ ಸಾಲಿನಲ್ಲೇ ನಿಲ್ಲುತ್ತದೆ. ಆ ಸಾಲಿನಲ್ಲಿ ಪಾಸ್‌ವರ್ಡ್ ತಪ್ಪಾದರೆ "ಮುಂದಿನ ಸಾಲು ನೋಡೋಣ" ಎನ್ನುವುದಿಲ್ಲ, ಅಲ್ಲಿಗೇ ಮುಗಿಯಿತು. ಆದ್ದರಿಂದ ಬಿಗಿಯಾದ ಸಾಲುಗಳು ಮೇಲೆ, ಸಡಿಲವಾದವು ಕೆಳಗೆ.

ಕನೆಕ್ಟ್ ಆಗದೆ ಬೇಸತ್ತವರು 0.0.0.0/0 (ಎಲ್ಲ ವಿಳಾಸಗಳೂ) ಜೊತೆಗೆ "ಟ್ರಸ್ಟ್" ಬರೆದುಬಿಡುತ್ತಾರೆ. ದಯವಿಟ್ಟು ಬೇಡ. ಟ್ರಸ್ಟ್ ಎಂದರೆ ಪಾಸ್‌ವರ್ಡ್ ಕೇಳದೆ ಬಿಡುವುದು. ಆ ಎರಡೂ ಸೇರಿದರೆ ಜಗತ್ತಿನ ಯಾರು ಬೇಕಾದರೂ ಒಳಗೆ ಬರಬಹುದು. ತೆರೆದ 5432 ಪೋರ್ಟ್‌ಗಳನ್ನು ಹುಡುಕುತ್ತಾ ತಿರುಗುವ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. "ಐದು ನಿಮಿಷ ಟೆಸ್ಟ್‌ಗೆ ಅಷ್ಟೇ" ಎಂದು ಬರೆದ ಸಾಲು ವರ್ಷಗಟ್ಟಲೆ ಉಳಿದದ್ದನ್ನು ನಾನೇ ನೋಡಿದ್ದೇನೆ, ಅದರ ಹಿಂದೆ ಜನರ ಹೆಸರು, ಫೋನ್ ನಂಬರ್ ಎಲ್ಲ ಇತ್ತು.

ಈ ಫೈಲಿಗೆ ರೀಲೋಡ್ ಸಾಕು: "ಸೆಲೆಕ್ಟ್ ಪಿಜಿ_ರೀಲೋಡ್_ಕಾನ್ಫ್();". ಸಾಲಿನಲ್ಲಿ ಕಾಗುಣಿತ ತಪ್ಪಿದ್ದರೆ ಪೋಸ್ಟ್‌ಗ್ರೆಸ್ ಗಲಾಟೆ ಮಾಡುವುದಿಲ್ಲ. ಲಾಗ್‌ನಲ್ಲಿ ಬರೆದಿಟ್ಟು ಹಳೆಯ ಪಟ್ಟಿಯಲ್ಲೇ ಮುಂದುವರಿಯುತ್ತದೆ. ಹಾಗಾಗಿ ಪಿಜಿ_ಎಚ್‌ಬಿಎ_ಫೈಲ್_ರೂಲ್ಸ್ ಎಂಬ ವ್ಯೂ ಸೆಲೆಕ್ಟ್ ಮಾಡಿ ಎರರ್ ಕಾಲಮ್ ಖಾಲಿ ಇದೆಯೇ ನೋಡಿ. ಇದೇ ಈ ಹಂತದ ಪರೀಕ್ಷೆ.

## ಹಂತ 4: ಎರಡು ಫೈರ್‌ವಾಲ್, ಒಂದಲ್ಲ

ಕ್ಲೌಡ್ ಸರ್ವರ್‌ಗೆ ಸಾಮಾನ್ಯವಾಗಿ ಎರಡು ಬೇಲಿ. ಒಂದು ಯಂತ್ರದೊಳಗಿನ ಯುಎಫ್‌ಡಬ್ಲ್ಯು (ಉಬುಂಟುವಿನ ಫೈರ್‌ವಾಲ್), ಇನ್ನೊಂದು ಕ್ಲೌಡ್ ಕನ್ಸೋಲ್‌ನಲ್ಲಿರುವ ನಿಯಮ. ಅಮೆಜಾನ್‌ನಲ್ಲಿ ಅದನ್ನು ಸೆಕ್ಯುರಿಟಿ ಗ್ರೂಪ್ ಎನ್ನುತ್ತಾರೆ. ಒಂದನ್ನು ತೆರೆದು ಇನ್ನೊಂದನ್ನು ಮರೆಯುವುದು ತೀರಾ ಸಾಮಾನ್ಯ.

ಯುಎಫ್‌ಡಬ್ಲ್ಯು ಇನ್ನೂ ಶುರುವಾಗಿರದಿದ್ದರೆ ಈ ಮೂರು ಆಜ್ಞೆಗಳನ್ನು ಇದೇ ಕ್ರಮದಲ್ಲಿ ಕೊಡಿ. ಮೊದಲನೆಯದರಲ್ಲಿ ಓಪನ್‌ಎಸ್‌ಎಸ್‌ಎಚ್ ಹೆಸರಿನ ಓ ಮತ್ತು ಎಸ್‌ಎಸ್‌ಎಚ್ ದೊಡ್ಡಕ್ಷರಗಳು:

ಸುಡೊ ಯುಎಫ್‌ಡಬ್ಲ್ಯು ಅಲೌ ಓಪನ್‌ಎಸ್‌ಎಸ್‌ಎಚ್
ಸುಡೊ ಯುಎಫ್‌ಡಬ್ಲ್ಯು ಅಲೌ ಫ್ರಮ್ 198.51.100.40 ಟು ಎನಿ ಪೋರ್ಟ್ 5432 ಪ್ರೊಟೊ ಟಿಸಿಪಿ
ಸುಡೊ ಯುಎಫ್‌ಡಬ್ಲ್ಯು ಎನೇಬಲ್

ಮೊದಲನೆಯದನ್ನು ಬಿಟ್ಟು ಮೂರನೆಯದನ್ನು ಕೊಟ್ಟರೆ ಹೊಸ ಎಸ್‌ಎಸ್‌ಎಚ್ ಕನೆಕ್ಷನ್ ಬರುವುದಿಲ್ಲ, ನಿಮ್ಮದೇ ಸರ್ವರ್‌ನ ಹೊರಗೆ ನೀವು ನಿಲ್ಲುತ್ತೀರಿ. ಆಮೇಲೆ ಕನ್ಸೋಲ್‌ನಲ್ಲೂ ಇದೇ ವಿಳಾಸ, ಇದೇ ಪೋರ್ಟ್‌ಗೆ ಒಳಬರುವ ನಿಯಮ ಸೇರಿಸಿ.

ಪೋಸ್ಟ್‌ಗ್ರೆಸ್ ಅನ್ನು ಡಾಕರ್‌ನಲ್ಲಿ ಓಡಿಸುವವರಿಗೆ ಒಂದು ಎಚ್ಚರಿಕೆ. ಡಾಕರ್‌ನಲ್ಲಿ ಪೋರ್ಟ್ ಪಬ್ಲಿಶ್ ಮಾಡಿದರೆ ಅದು ಯುಎಫ್‌ಡಬ್ಲ್ಯು ನಿಯಮಗಳನ್ನು ದಾಟಿಯೇ ಹೊರಗೆ ತೆರೆದುಕೊಳ್ಳುತ್ತದೆ. ಯುಎಫ್‌ಡಬ್ಲ್ಯು ಪಟ್ಟಿಯಲ್ಲಿ "ಡಿನೈ" ಎಂದು ಕಂಡರೂ ಪೋರ್ಟ್ ತೆರೆದೇ ಇರುತ್ತದೆ. ಅಂಥಲ್ಲಿ 127.0.0.1:5432:5432 ಎಂದು ವಿಳಾಸ ಸೇರಿಸಿ ಪಬ್ಲಿಶ್ ಮಾಡಿ, ಹಂತ 8ರ ಸುರಂಗ ಬಳಸಿ.

## ಹಂತ 5: ಹೊರಗಿನಿಂದ ಪೋರ್ಟ್ ತಟ್ಟಿ ನೋಡಿ

ಈಗ ಲ್ಯಾಪ್‌ಟಾಪ್‌ಗೆ ಬನ್ನಿ. ಸರ್ವರ್ ಒಳಗೆ ಕೂತು ಅದರದೇ ವಿಳಾಸಕ್ಕೆ ಪರೀಕ್ಷೆ ಮಾಡಿದರೆ ಪ್ರಯೋಜನವಿಲ್ಲ, ನಿಮ್ಮ ದಾರಿಯಲ್ಲಿ ಬರುವ ಬೇಲಿಗಳಿಗೆ ಅದು ಮುಖಾಮುಖಿಯಾಗುವುದೇ ಇಲ್ಲ. ಪಿಂಗ್ ಕೂಡ ನಂಬಬೇಡಿ. ಪಿಂಗ್ ಬರದಿದ್ದರೂ ಡೇಟಾಬೇಸ್ ಸಿಗಬಹುದು, ಪಿಂಗ್ ಬಂದರೂ ಸಿಗದಿರಬಹುದು. ತಟ್ಟಬೇಕಾದದ್ದು ಪೋರ್ಟನ್ನು:

ಎನ್‌ಸಿ -ಝಡ್‌ವಿ 203.0.113.25 5432

ವಿಂಡೋಸ್‌ನಲ್ಲಿ ಪವರ್‌ಶೆಲ್ ತೆರೆದು ಟೆಸ್ಟ್-ನೆಟ್‌ಕನೆಕ್ಷನ್ 203.0.113.25 -ಪೋರ್ಟ್ 5432. ಉತ್ತರ ಮೂರರಲ್ಲೊಂದು.

"ಸಕ್ಸೀಡೆಡ್" ಬಂದರೆ ದಾರಿ ಸರಿಯಿದೆ, ಹಂತ 6ಕ್ಕೆ ಹೋಗಿ.

"ಕನೆಕ್ಷನ್ ರಿಫ್ಯೂಸ್ಡ್" ತಕ್ಷಣ ಬಂದರೆ ನೀವು ಯಂತ್ರದವರೆಗೆ ತಲುಪಿದ್ದೀರಿ, ಆ ಪೋರ್ಟ್‌ನಲ್ಲಿ ಕೇಳುವವರು ಇಲ್ಲ. ಹಂತ 2ಕ್ಕೆ ವಾಪಸ್. ಅಪರೂಪಕ್ಕೆ ಫೈರ್‌ವಾಲ್ ಕೂಡ ಹೀಗೆ ನಿರಾಕರಿಸುವಂತೆ ಹೊಂದಿಸಿರುತ್ತಾರೆ.

ಏನೂ ಬಾರದೆ ಸುಮ್ಮನೆ ಕಾಯಿಸಿ ಕೊನೆಗೆ "ಟೈಮ್ಡ್ ಔಟ್" ಬಂದರೆ ನಿಮ್ಮ ಪ್ಯಾಕೆಟ್‌ಗಳನ್ನು ಯಾರೋ ದಾರಿಯಲ್ಲಿ ನುಂಗುತ್ತಿದ್ದಾರೆ. ಅದು ಹೆಚ್ಚಾಗಿ ಫೈರ್‌ವಾಲ್. ಈ ಹೊತ್ತಿನಲ್ಲಿ ಪಾಸ್‌ವರ್ಡ್ ಬದಲಾಯಿಸಿ ಏನೂ ಉಪಯೋಗವಿಲ್ಲ, ನಿಮ್ಮ ಮಾತು ಡೇಟಾಬೇಸ್‌ಗೆ ತಲುಪಿಯೇ ಇಲ್ಲ.

ಎರಡು ಬೇಲಿಗಳಲ್ಲಿ ಯಾವುದು ತಡೆಯುತ್ತಿದೆ ಎಂದು ಊಹಿಸುವ ಬದಲು ಸರ್ವರ್‌ನಲ್ಲಿ ಟಿಸಿಪಿಡಂಪ್ (ಬಂದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಉಪಕರಣ) ಹಾಕಿ ನೋಡಿ. ಈ ಇಡೀ ಬರಹದಲ್ಲಿ ಒಂದೇ ಒಂದು ಉಪಕರಣ ಕಲಿಯಿರಿ ಎಂದರೆ ನಾನು ಇದನ್ನೇ ಹೇಳುತ್ತೇನೆ:

ಸುಡೊ ಟಿಸಿಪಿಡಂಪ್ -ಎನ್‌ಐ ಎನಿ ಪೋರ್ಟ್ 5432

ಇದು ಓಡುತ್ತಿರುವಾಗಲೇ ಲ್ಯಾಪ್‌ಟಾಪ್‌ನಿಂದ ಎನ್‌ಸಿ ಮತ್ತೆ ಕೊಡಿ. ಪರದೆಯ ಮೇಲೆ ಒಂದು ಸಾಲೂ ಬಾರದಿದ್ದರೆ ಪ್ಯಾಕೆಟ್ ಯಂತ್ರಕ್ಕೇ ಬಂದಿಲ್ಲ, ಕ್ಲೌಡ್ ಕನ್ಸೋಲ್‌ನ ನಿಯಮ ನೋಡಿ. ನಿಮ್ಮ ವಿಳಾಸದಿಂದ [ಎಸ್] ಗುರುತಿನ (ಕನೆಕ್ಷನ್ ಕೇಳುವ) ಸಾಲು ಒಂದರ ಹಿಂದೆ ಒಂದು ಬರುತ್ತಿದ್ದು ಉತ್ತರವೇ ಹೋಗುತ್ತಿಲ್ಲ ಎಂದರೆ ಯಂತ್ರದೊಳಗಿನ ಯುಎಫ್‌ಡಬ್ಲ್ಯು ತಡೆಯುತ್ತಿದೆ. ಟಿಸಿಪಿಡಂಪ್ ಯುಎಫ್‌ಡಬ್ಲ್ಯುಗಿಂತ ಮೊದಲೇ ಪ್ಯಾಕೆಟ್ ನೋಡುವುದರಿಂದ ಈ ತೀರ್ಮಾನ ಸಾಧ್ಯ. ಉತ್ತರವಾಗಿ [ಎಸ್.] ಹೋದರೆ ಬಾಗಿಲು ತೆರೆದಿದೆ, [ಆರ್.] ಹೋದರೆ ರಿಫ್ಯೂಸ್ಡ್. ಬರುವ ಸಾಲಿನಲ್ಲಿರುವ ನಿಮ್ಮ ವಿಳಾಸ ಚೀಟಿಯಲ್ಲಿ ಬರೆದದ್ದೇ ಹೌದೇ ಎಂದೂ ಹೊಂದಿಸಿ ನೋಡಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅದು ಬದಲಾಗುತ್ತಲೇ ಇರುತ್ತದೆ.

## ಹಂತ 6: ಲಾಗಿನ್

ಆ್ಯಪ್ ಅನ್ನು ಇನ್ನೂ ಮುಟ್ಟಬೇಡಿ. ಮೊದಲು ಪಿಎಸ್‌ಕ್ಯುಎಲ್:

ಪಿಎಸ್‌ಕ್ಯುಎಲ್ "ಹೋಸ್ಟ್=203.0.113.25 ಡಿಬಿನೇಮ್=ಅಂಗಡಿ ಯೂಸರ್=ಅಂಗಡಿ_ಆ್ಯಪ್ ಎಸ್‌ಎಸ್‌ಎಲ್‌ಮೋಡ್=ರಿಕ್ವೈರ್ ಕನೆಕ್ಟ್_ಟೈಮ್‌ಔಟ್=5"

ಕನೆಕ್ಟ್_ಟೈಮ್‌ಔಟ್ ಕೊಡದಿದ್ದರೆ ಕ್ಲೈಂಟ್ ತಾನಾಗಿ ಬಿಟ್ಟುಕೊಡುವುದಿಲ್ಲ, ಆಪರೇಟಿಂಗ್ ಸಿಸ್ಟಮ್ ಕೈಬಿಡುವ ತನಕ ಕಾಯುತ್ತದೆ. ಆ್ಯಪ್‌ನಲ್ಲೂ ಇದನ್ನು ಇಡಿ.

"ನೋ ಪಿಜಿ_ಎಚ್‌ಬಿಎ ಡಾಟ್ ಕಾನ್ಫ್ ಎಂಟ್ರಿ" ಎಂಬ ಸಂದೇಶ ಬಂದರೆ ಬೇಸರ ಬೇಡ, ನೆಟ್‌ವರ್ಕ್ ಕೆಲಸ ಪೂರ್ತಿ ಮುಗಿದಿದೆ ಎಂದೇ ಅರ್ಥ. ಆ ಸಂದೇಶದೊಳಗೇ ವಿಳಾಸ, ಯೂಸರ್, ಡೇಟಾಬೇಸ್, ಎನ್‌ಕ್ರಿಪ್ಶನ್ ಇದೆಯೋ ಇಲ್ಲವೋ ಎಲ್ಲ ಬರೆದಿರುತ್ತದೆ. ಒಂದೊಂದನ್ನೂ ನಿಮ್ಮ ಸಾಲಿನ ಜೊತೆ ಹೋಲಿಸಿ. ಸರ್ವರ್‌ನ ಹೆಸರು ಕೊಟ್ಟು ಕನೆಕ್ಟ್ ಆದಾಗ ಅಲ್ಲಿ ಐಪಿವಿ6 ವಿಳಾಸ ಕಂಡರೆ ಆಶ್ಚರ್ಯಪಡಬೇಡಿ, ಅದಕ್ಕೊಂದು ಬೇರೆ ಸಾಲು ಬೇಕು.

"ಪಾಸ್‌ವರ್ಡ್ ಅಥೆಂಟಿಕೇಶನ್ ಫೇಲ್ಡ್" ಬಂದರೆ ನಿಜ ಕಾರಣ ಕ್ಲೈಂಟ್‌ನಲ್ಲಿ ಸಿಗುವುದಿಲ್ಲ. ಹೊರಗಿನವರಿಗೆ ಸುಳಿವು ಸಿಗಬಾರದೆಂದು ಪೋಸ್ಟ್‌ಗ್ರೆಸ್ ಬೇಕೆಂದೇ ಮುಚ್ಚಿಡುತ್ತದೆ. ಸರ್ವರ್‌ನ /ವಾರ್/ಲಾಗ್/ಪೋಸ್ಟ್‌ಗ್ರೆಎಸ್‌ಕ್ಯುಎಲ್ ಫೋಲ್ಡರ್‌ನಲ್ಲಿ ಲಾಗ್ ತೆರೆಯಿರಿ. ಅಂಥ ರೋಲ್ ಇಲ್ಲ, ರೋಲ್‌ಗೆ ಪಾಸ್‌ವರ್ಡ್ ಇಟ್ಟೇ ಇಲ್ಲ, ಪಟ್ಟಿಯ ಎಷ್ಟನೇ ಸಾಲಿಗೆ ಹೊಂದಿತು ಎಂಬುದೆಲ್ಲ ಅಲ್ಲಿರುತ್ತದೆ.

ಪಿಎಸ್‌ಕ್ಯುಎಲ್‌ನಲ್ಲಿ ಆಗಿ ಆ್ಯಪ್‌ನಲ್ಲಿ ಮಾತ್ರ ಆಗದಿದ್ದರೆ ಮೊದಲು ಪಾಸ್‌ವರ್ಡ್‌ನಲ್ಲಿ @ # / ಇಂಥ ಚಿಹ್ನೆ ಇದೆಯೇ ನೋಡಿ. ಯುಆರ್‌ಎಲ್ ರೂಪದಲ್ಲಿ ಬರೆಯುವಾಗ @ ಅನ್ನು %40 ಎಂದೂ # ಅನ್ನು %23 ಎಂದೂ ಬರೆಯಬೇಕು. ಇಲ್ಲದಿದ್ದರೆ ಪಾಸ್‌ವರ್ಡ್‌ನ ತುಂಡನ್ನೇ ಹೋಸ್ಟ್ ಹೆಸರೆಂದು ತಿಳಿದು "ಹೋಸ್ಟ್ ಸಿಗಲಿಲ್ಲ" ಎನ್ನುತ್ತದೆ. ಇನ್ನೊಂದು ಕಾರಣ ಹಳೆಯ ಡ್ರೈವರ್. ಸ್ಕ್ರ್ಯಾಮ್ ಬಂದದ್ದು ಪೋಸ್ಟ್‌ಗ್ರೆಸ್ 10ರಲ್ಲಿ, 14ರಿಂದ ಅದೇ ಡೀಫಾಲ್ಟ್. 10ಕ್ಕಿಂತ ಹಳೆಯ ಕ್ಲೈಂಟ್ ಲೈಬ್ರರಿಗೆ ಅದು ಅರ್ಥವಾಗುವುದಿಲ್ಲ. ಡ್ರೈವರ್ ಅಪ್‌ಡೇಟ್ ಮಾಡಿ, ಸರ್ವರ್ ಅನ್ನು ಹಳೆಯ ಎಂಡಿ5 ಪದ್ಧತಿಗೆ ಇಳಿಸಬೇಡಿ.

## ಹಂತ 7: ಎನ್‌ಕ್ರಿಪ್ಶನ್ ನಿಜವಾಗಿ ಇದೆಯೇ

ಎಸ್‌ಎಸ್‌ಎಲ್‌ಮೋಡ್‌ನ ಡೀಫಾಲ್ಟ್ ಮೌಲ್ಯ "ಪ್ರಿಫರ್". ಸಿಕ್ಕರೆ ಎನ್‌ಕ್ರಿಪ್ಶನ್, ಸಿಗದಿದ್ದರೆ ಬಯಲಲ್ಲೇ ಕಳಿಸುತ್ತದೆ. "ರಿಕ್ವೈರ್" ಎನ್‌ಕ್ರಿಪ್ಟ್ ಮಾಡುತ್ತದೆ, ಆದರೆ ಆ ತುದಿಯಲ್ಲಿರುವುದು ನಿಮ್ಮದೇ ಸರ್ವರ್ ಹೌದೇ ಎಂದು ನೋಡುವುದಿಲ್ಲ. ನೋಡುವುದು "ವೆರಿಫೈ-ಫುಲ್" ಮಾತ್ರ: ಸರ್ಟಿಫಿಕೇಟ್ ನಂಬಿಕಸ್ಥರು ಕೊಟ್ಟದ್ದೇ, ಅದರಲ್ಲಿರುವ ಹೆಸರು ನೀವು ಕರೆದ ಹೆಸರೇ, ಎರಡನ್ನೂ ಪರಿಶೀಲಿಸುತ್ತದೆ. ಉಬುಂಟು ಜೊತೆ ಬರುವ ಸರ್ಟಿಫಿಕೇಟ್ ತಾನೇ ಸಹಿ ಹಾಕಿಕೊಂಡದ್ದು, ಹಾಗಾಗಿ ಅದರ ಮೇಲೆ ವೆರಿಫೈ-ಫುಲ್ ನಡೆಯುವುದಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್‌ನ ಸರ್ಟಿಫಿಕೇಟ್ ಹಾಕಿ, ಕ್ಲೈಂಟ್‌ನಲ್ಲಿ ಎಸ್‌ಎಸ್‌ಎಲ್‌ರೂಟ್‌ಸರ್ಟ್=ಸಿಸ್ಟಮ್ ಕೊಟ್ಟರೆ ಆಗುತ್ತದೆ; ಇದಕ್ಕೆ ಕ್ಲೈಂಟ್ ಲೈಬ್ರರಿ 16 ಅಥವಾ ಮೇಲಿನದಿರಬೇಕು. ಸರ್ಟಿಫಿಕೇಟ್ ನವೀಕರಣವಾದಾಗಲೆಲ್ಲ ಹೊಸ ಫೈಲನ್ನು ಪೋಸ್ಟ್‌ಗ್ರೆಸ್‌ಗೆ ಓದಲು ಸಿಗುವ ಜಾಗಕ್ಕೆ ನಕಲು ಮಾಡಿ ರೀಲೋಡ್ ಮಾಡುವ ಸ್ಕ್ರಿಪ್ಟ್ ಈಗಲೇ ಬರೆದಿಡಿ.

ಪರೀಕ್ಷೆಗೆ ಪಿಎಸ್‌ಕ್ಯುಎಲ್ ಒಳಗೆ \ಕಾನ್‌ಇನ್ಫೊ ಕೊಡಿ. ಎಸ್‌ಎಸ್‌ಎಲ್ ಕನೆಕ್ಷನ್ ಎಂಬ ಸಾಲು ಇಲ್ಲದಿದ್ದರೆ, ಅಥವಾ ಆ ಸಾಲಿನಲ್ಲಿ "ಫಾಲ್ಸ್" ಎಂದಿದ್ದರೆ, ಎನ್‌ಕ್ರಿಪ್ಶನ್ ಇಲ್ಲ.

## ಹಂತ 8: ವಿಳಾಸ ಸ್ಥಿರವಿಲ್ಲದವರಿಗೆ ಎಸ್‌ಎಸ್‌ಎಚ್ ಸುರಂಗ

ಶಿವಮೊಗ್ಗದ ಮನೆಯಲ್ಲೋ ಹಾಸನದ ಹೋಮ್‌ಸ್ಟೇಯಲ್ಲೋ ಕೂತು ಕೆಲಸ ಮಾಡುವವರಿಗೆ ಒಂದೇ ವಿಳಾಸ ಉಳಿಯುವುದಿಲ್ಲ. ಅನೇಕ ಕನೆಕ್ಷನ್‌ಗಳಲ್ಲಿ ಒಂದೇ ಪಬ್ಲಿಕ್ ವಿಳಾಸವನ್ನು ನೂರಾರು ಮನೆಗಳು ಹಂಚಿಕೊಂಡಿರುತ್ತವೆ. ಆಗ ಆ ವಿಳಾಸಕ್ಕೆ ಬಾಗಿಲು ತೆರೆದರೆ ಅವರೆಲ್ಲರಿಗೂ ತೆರೆದಂತೆ. ಇಂಥವರು 5432 ಅನ್ನು ಹೊರಗೆ ತೆರೆಯಲೇಬಾರದು. ಹಂತ 2ರಿಂದ 4ರವರೆಗಿನದು ಬೇಡವೇ ಬೇಡ. ಲೋಕಲ್‌ಹೋಸ್ಟ್ ಹಾಗೇ ಇರಲಿ. ಎಸ್‌ಎಸ್‌ಎಚ್ ಕನೆಕ್ಷನ್ ಒಳಗಿನಿಂದಲೇ ಡೇಟಾಬೇಸ್‌ಗೆ ದಾರಿ ಮಾಡುವುದೇ ಸುರಂಗ. ಲ್ಯಾಪ್‌ಟಾಪ್‌ನಲ್ಲಿ ಹೀಗೆ ಕೊಡಿ. ಇಲ್ಲಿ ಎರಡೂ ಆಯ್ಕೆಯ ಅಕ್ಷರಗಳು ದೊಡ್ಡಕ್ಷರಗಳು:

ಎಸ್‌ಎಸ್‌ಎಚ್ -ಎನ್ -ಎಲ್ 5433:127.0.0.1:5432 ಯೂಸರ್@203.0.113.25

ಕಿಟಕಿ ಸುಮ್ಮನೆ ನಿಂತಂತೆ ಕಾಣುತ್ತದೆ, ಅದು ಸರಿಯೇ. ಇನ್ನೊಂದು ಕಿಟಕಿಯಲ್ಲಿ ಪಿಎಸ್‌ಕ್ಯುಎಲ್‌ಗೆ ಹೋಸ್ಟ್=127.0.0.1 ಪೋರ್ಟ್=5433 ಕೊಡಿ. ಈ ಕಡೆ 5433 ಇಟ್ಟದ್ದು ಲ್ಯಾಪ್‌ಟಾಪ್‌ನಲ್ಲೂ ಒಂದು ಪೋಸ್ಟ್‌ಗ್ರೆಸ್ ಇದ್ದರೆ ಗೊಂದಲವಾಗದಿರಲಿ ಎಂದು. 5432 ಎಂದು ಅಭ್ಯಾಸಬಲದಿಂದ ಬರೆದು, ದೂರದ ಡೇಟಾಬೇಸ್ ಎಂದುಕೊಂಡು ತಮ್ಮದರಲ್ಲೇ ಟೇಬಲ್ ಹುಡುಕುವವರಿದ್ದಾರೆ.

## ಹಂತ 9: ಸ್ವಲ್ಪ ಹೊತ್ತು ಬಿಟ್ಟರೆ ಕಡಿದುಹೋಗುತ್ತದೆ

ಎಲ್ಲ ಸರಿಹೋದ ಮೇಲೂ ಒಂದು ದೂರು ಬರುತ್ತದೆ: ಊಟಕ್ಕೆ ಹೋಗಿ ಬಂದರೆ ಕನೆಕ್ಷನ್ ಸತ್ತಿರುತ್ತದೆ. ತಪ್ಪು ಡೇಟಾಬೇಸ್‌ನದಲ್ಲ. ನಡುವಿನ ನ್ಯಾಟ್ (ವಿಳಾಸ ಅನುವಾದಿಸುವ) ಸಾಧನಗಳು ಮಾತಾಡದ ಕನೆಕ್ಷನ್ ಅನ್ನು ಮರೆತುಬಿಡುತ್ತವೆ. ಅಮೆಜಾನ್‌ನ ನ್ಯಾಟ್ ಗೇಟ್‌ವೇ 350 ಸೆಕೆಂಡ್ ಸುಮ್ಮನಿದ್ದರೆ ಕೈಬಿಡುತ್ತದೆ. ಲಿನಕ್ಸ್ ಮಾತ್ರ "ಇದ್ದೀಯಾ" ಎಂದು ಮೊದಲ ಸಲ ಕೇಳುವುದು 7200 ಸೆಕೆಂಡ್ ಆದಮೇಲೆ, ಅಂದರೆ ಎರಡು ಗಂಟೆಗೆ. ಕ್ಲೈಂಟ್‌ನ ಕನೆಕ್ಷನ್ ಸಾಲಿಗೆ ಕೀಪ್‌ಅಲೈವ್ಸ್_ಐಡಲ್=60 ಸೇರಿಸಿ, ಸರ್ವರ್‌ನಲ್ಲಿ ಟಿಸಿಪಿ_ಕೀಪ್‌ಅಲೈವ್ಸ್_ಐಡಲ್ ಅನ್ನೂ 60 ಮಾಡಿ. ಹತ್ತು ನಿಮಿಷ ಸುಮ್ಮನೆ ಬಿಟ್ಟು ಒಂದು ಸೆಲೆಕ್ಟ್ ಓಡಿಸಿ ನೋಡಿ. ಅದು ಉತ್ತರ ಕೊಟ್ಟ ಮೇಲೆ, ಪರೀಕ್ಷೆಗೆಂದು ನಡುವೆ ಸೇರಿಸಿದ ನಿಯಮಗಳನ್ನು ಯುಎಫ್‌ಡಬ್ಲ್ಯು, ಕನ್ಸೋಲ್, ಪಿಜಿ_ಎಚ್‌ಬಿಎ ಮೂರೂ ಕಡೆಯಿಂದ ಅಳಿಸಿ, ಹಂತ 5 ಮತ್ತು 6ನ್ನು ಇನ್ನೊಂದು ಸಲ ಓಡಿಸಿ.